ಸೂಟ್‌ಕೇಸಿನೊಳಗೆ ಒಂದು ಮೆಡಿಕಲ್ ಶಾಪ್

ಉಡುಪಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಇದೆ. ಜುಲೈ, ಆಗಸ್ಟ್ ಬಂತೆಂದರೆ ಒಂದು ಬಗೆಯ ಗಿರಾಕಿಗಳು ಬರುತ್ತಾರೆ. ಅಪ್ಪನ ಕೈಯಲ್ಲಿ ಚೀಟಿ, ಪಕ್ಕದಲ್ಲಿ ಬಿಟ್ಟುಹೋದದ್ದನ್ನು ನೆನಪಿಸುವ ಅಮ್ಮ. ವಿದೇಶಕ್ಕೆ ಹೋಗಬೇಕಾದ ಮಗ ಮಾತ್ರ ಹೊರಗೆ ಸ್ಕೂಟರ್ ಮೇಲೆ ಕೂತು ಮೊಬೈಲ್ ನೋಡುತ್ತಾ ಇರುತ್ತಾನೆ. ಚೀಟಿ ಹೆಚ್ಚುಕಮ್ಮಿ ಒಂದೇ ಥರ. ಪ್ಯಾರಾಸಿಟಮಾಲ್ ಹತ್ತು ಸ್ಟ್ರಿಪ್. ನೋವಿನ ಮಾತ್ರೆ. ಗ್ಯಾಸಿಗೆ, ಭೇದಿಗೆ, ಶೀತಕ್ಕೆ. ವಿಕ್ಸ್, ಅಮೃತಾಂಜನ್. ಕೊನೆಗೆ ದನಿ ತಗ್ಗಿಸಿ, "ಒಂದೆರಡು ಕೋರ್ಸ್ ಆ್ಯಂಟಿಬಯಾಟಿಕ್ ಹಾಕಿ ಮಾರಾಯ್ರೇ, ಅಲ್ಲಿ ಡಾಕ್ಟ್ರ ಚೀಟಿ ಇಲ್ಲದೆ ಕೊಡುವುದಿಲ್ಲವಂತೆ."

ಇಲ್ಲೂ ಕೊಡಬಾರದು. ಹಾಗೆ ಹೇಳಿದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಅದಿರಲಿ.

2024ರ ಆಗಸ್ಟ್‌ನಲ್ಲಿ ನನ್ನ ಅಕ್ಕನೂ ಇಂಥದ್ದೇ ಚೀಟಿ ಹಿಡಿದು ಬಂದಳು. ಮಗ ಕೆನಡಾಕ್ಕೆ, ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿಗೆ. ಫೀಸು ಬೇರೆ. ಅದರ ಮೇಲೆ ಖರ್ಚಿಗೆ ಅಂತ 20,635 ಕೆನಡಾ ಡಾಲರ್ ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ 12 ಲಕ್ಷದ ಮೇಲೆ. ಮನೆಪತ್ರ ಸೊಸೈಟಿಯಲ್ಲಿ ಅಡವು. ಆ ಮಾತ್ರೆಗಳನ್ನೆಲ್ಲ ಕಟ್ಟಿಕೊಟ್ಟವನು ನಾನೇ. ದುಡ್ಡು ತಗೊಳ್ಳಲಿಲ್ಲ, ಮಾವ ಅಂತ ಅಷ್ಟಾದರೂ ಬೇಡವಾ ಅಂದುಕೊಂಡೆ.

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಶಟರ್ ಎತ್ತಿ ದೇವರ ಫೋಟೋಕ್ಕೆ ಊದುಬತ್ತಿ ಹಚ್ಚುವಾಗ ಅವನ ಕಾಲ್ ಬಂತು. ನಮಗೆ ಒಂಬತ್ತೂವರೆ ಅಂದರೆ ಅವನಿಗೆ ರಾತ್ರಿ ಹನ್ನೊಂದು. "ಮಾವ, ಹಲ್ಲುನೋವಿಗೆ ಯಾವುದು ಜಾಸ್ತಿ ಪವರ್?" ನಗುತ್ತಲೇ ಕೇಳಿದ. ಎಷ್ಟು ದಿನದಿಂದ ಅಂದೆ. "ದೀಪಾವಳಿಯಿಂದ." ಸ್ಟ್ರಿಪ್ ತೋರಿಸು ಅಂದೆ. ಕ್ಯಾಮೆರಾ ತಿರುಗಿಸಿದ. ಕಿಟಕಿ ಮೇಲ್ಗಡೆ ಒಂದು ಗೇಣು ಮಾತ್ರ ಇರುವ ಬೇಸ್‌ಮೆಂಟ್ ಕೋಣೆ, ನೆಲದಲ್ಲೇ ಹಾಸಿಗೆ, ಅದರ ಪಕ್ಕ ನಾನು ಕಟ್ಟಿಕೊಟ್ಟ ಅದೇ ಕಂದು ಕವರು. ನೋವಿನ ಮಾತ್ರೆಯ ಆರು ಸ್ಟ್ರಿಪ್ ಖಾಲಿ. ಊಟ ಮಾಡಿ ತಗೊಳ್ತೀಯಾ ಅಂದರೆ ಮಾತಿಲ್ಲ. ಶಿಫ್ಟ್ ಮುಗಿಸಿ ಬಂದು ಬ್ರೆಡ್ ತಿಂದರೆ ತಿಂದ, ಇಲ್ಲದಿದ್ದರೆ ಇಲ್ಲ. ಖಾಲಿ ಹೊಟ್ಟೆಗೆ ಆ ಮಾತ್ರೆ ಹಾಕಿ ಹಾಕಿ ಹೊಟ್ಟೆಯುರಿ ಶುರುವಾಗಿದೆ. ಅದಕ್ಕೆ ಗ್ಯಾಸಿನ ಮಾತ್ರೆ. ಅದೂ ನನ್ನ ಅಂಗಡಿಯದ್ದೇ.

ಡೆಂಟಿಸ್ಟ್ ಹತ್ತಿರ ಯಾಕೆ ಹೋಗಲಿಲ್ಲ? ಡಾಲರ್ ಲೆಕ್ಕ ಹಾಕಿ ಹೆದರಿದ್ದ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ, ಬ್ರಾಂಪ್ಟನ್ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಓದಲು ಹೋದ ವಿದೇಶಿ ಮಕ್ಕಳಿಗೆ ಸಿಗುವುದಿಲ್ಲ. ಕಾಲೇಜಿನ ಮೂಲಕ ಬೇರೆ ಪ್ಲಾನ್ ಇರುತ್ತದೆ. ಇವನ ಪ್ಲಾನಿನಲ್ಲಿ ಹಲ್ಲಿನ ಖರ್ಚಿನ ಒಂದಂಶವೂ ಸೇರಿತ್ತು, ಫೀಸಿನ ಜೊತೆಗೇ ದುಡ್ಡು ಕಟ್ಟಿಸಿಕೊಂಡಿದ್ದರು! ಇವನಿಗೆ ಗೊತ್ತೇ ಇಲ್ಲ. ಇಲ್ಲಿ ಏಜೆಂಟ್ ವೀಸಾ ಫೋಟೋಕ್ಕೆ ಹಾಕುವ ಅಂಗಿಯ ಬಣ್ಣದ ತನಕ ಹೇಳಿಕೊಟ್ಟಿದ್ದ, ಇದೊಂದು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಈ ಮೂರು ತಿಂಗಳಲ್ಲಿ ಅಕ್ಕ ದಿನಾ ಅವನ ಜೊತೆ ವಿಡಿಯೋ ಕಾಲಲ್ಲಿ ಮಾತಾಡಿದ್ದಾಳೆ. ಊಟ ಆಯ್ತಾ? ಆಯ್ತು. ಚಳಿ ಉಂಟಾ? ಅಷ್ಟೇನಿಲ್ಲ. ಪಿಆರ್ (ಅಲ್ಲೇ ಕಾಯಂ ನೆಲೆಸುವ ಪರವಾನಗಿ) ಯಾವಾಗ? ನೋಡುವ. ಈ ಮೂರು ಪ್ರಶ್ನೆಗೂ ನಿಜ ಹೇಳುವ ದಾರಿಯನ್ನು ನಾವೇ ಮುಚ್ಚಿಟ್ಟಿದ್ದೇವೆ. ಮನೆಪತ್ರ ಅಡವಿಟ್ಟದ್ದು, ಹೊರಡುವ ದಿನ ಊರಿಡೀ ಬಂದು ಶಾಲು ಹೊದೆಸಿದ್ದು ಎಲ್ಲ ತಲೆಯಲ್ಲಿರುವ ಹುಡುಗ "ಅಮ್ಮ, ನನಗೆ ಹುಷಾರಿಲ್ಲ" ಅಂತ ಹೇಗೆ ಹೇಳುತ್ತಾನೆ?

ನನ್ನ ಅಪ್ಪ ಹದಿಮೂರಕ್ಕೇ ಬೊಂಬಾಯಿಗೆ ಹೋದವರು. ಹೋಟೆಲಲ್ಲಿ ಕಪ್ಪು ಬಸಿ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅದನ್ನು ಚಂದ ಮಾಡಿ ಹೇಳುವುದು ನನಗಿಷ್ಟವಿಲ್ಲ. ಒದ್ದೆ ನೆಲದಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೊಳೆತದ್ದು ಸಾಯುವ ತನಕ ಅವರನ್ನು ಬಿಡಲಿಲ್ಲ. ಆದರೆ ಹದಿನೈದಕ್ಕೆ ಕಾಮಾಲೆ ಆದಾಗ ಧಣಿಗಳು ಊರಿನವರೊಬ್ಬರ ಜೊತೆ ಮಾಡಿ ಮನೆಗೆ ಕಳಿಸಿದರು. ನಾಲ್ಕು ತಿಂಗಳು ಗಂಜಿ ಉಂಡು, ಮಳೆಗಾಲ ಮುಗಿಸಿ ಮತ್ತೆ ಹೋದರು. "ಸೋತು ಬಂದ" ಅಂತ ಯಾರೂ ಹೇಳಲಿಲ್ಲ. ಆಗ ಹೋಗುವುದೂ ಇತ್ತು, ಬರುವುದೂ ಇತ್ತು. ಈಗ ಟಿಕೆಟ್ ಒಂದೇ ಕಡೆಗೆ.

ಕೆನಡಾದಲ್ಲಿ ಸಂಶೋಧಕರು ಮತ್ತೆ ಮತ್ತೆ ಕಂಡ ಒಂದು ಸಂಗತಿಗೆ ಹೆಲ್ದಿ ಇಮಿಗ್ರಂಟ್ ಎಫೆಕ್ಟ್ ಅಂತ ಹೆಸರಿಟ್ಟಿದ್ದಾರೆ. ಹೊರಗಿನಿಂದ ಬಂದವರು ಬಂದ ಹೊಸತರಲ್ಲಿ ಅಲ್ಲೇ ಹುಟ್ಟಿದವರಿಗಿಂತ ಗಟ್ಟಿ ಇರುತ್ತಾರೆ. ಪ್ರಾಯದವರೇ ಜಾಸ್ತಿ, ಮೆಡಿಕಲ್ ಟೆಸ್ಟ್ ದಾಟಿ ಹೋದವರು, ಇರಲೇಬೇಕಲ್ಲ. ವರ್ಷ ಕಳೆದ ಹಾಗೆ ಆ ಗಟ್ಟಿತನ ಕರಗುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಸ್ಕೂಟರ್ ಮೇಲೆ ಕೂತ ಹುಡುಗರು. ಮಲ್ಪೆ ಬೀಚಲ್ಲಿ ವಾಲಿಬಾಲ್ ಆಡಿ ಕಪ್ಪಾದವರು. ಟೊರಾಂಟೊ ಕಡೆ ನವೆಂಬರ್‌ನಿಂದ ಫೆಬ್ರುವರಿ ತನಕ ಬಿಸಿಲು ಎಷ್ಟು ಓರೆ ಅಂದರೆ ಅದರಿಂದ ಮೈಯಲ್ಲಿ ವಿಟಮಿನ್ ಡಿ ಹುಟ್ಟುವುದೇ ಇಲ್ಲ ಅನ್ನಬಹುದು. ನಮ್ಮ ಬಣ್ಣದ ಚರ್ಮಕ್ಕಂತೂ ಇನ್ನೂ ಜಾಸ್ತಿ ಬಿಸಿಲು ಬೇಕು. ಡಿಸೆಂಬರಲ್ಲಿ ಐದಕ್ಕೆಲ್ಲ ಕತ್ತಲೆ. ಆ ಕತ್ತಲೆಗೇ ಕೆಲವರ ಮನಸ್ಸು ಕುಸಿಯುತ್ತದೆ, ಅದೂ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಉಂಟು. ಸೋಮಾರಿತನ ಅಂತ ಬೈದರೆ ಗುಣ ಆಗುವಂಥದ್ದಲ್ಲ.

ಈಗ ಚೀಟಿ ಹಿಡಿದು ಬಂದವರಿಗೆ ನಾನು ತಲೆತಿನ್ನುತ್ತೇನೆ. ಹೊರಗೆ ಕೂತ ಮಗನನ್ನು ಒಳಗೆ ಕರೆಸುತ್ತೇನೆ. ಹಲ್ಲು, ಕಣ್ಣು ಇಲ್ಲೇ ತೋರಿಸಿ ಆಯ್ತಾ? ವಿಮೆಯಲ್ಲಿ ಏನೇನು ಬರುತ್ತದೆ ಓದಿದ್ದೀಯಾ? ಕೆನಡಾ ಆದರೆ 988 ಅಂತ ಮೊಬೈಲಲ್ಲಿ ಸೇವ್ ಮಾಡಿಸುತ್ತೇನೆ. ಸಾಯುವ ಯೋಚನೆ ಬಂದರೆ, ಮನಸ್ಸು ತೀರಾ ಕೆಟ್ಟರೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನೋ ಮೆಸೇಜೋ ಮಾಡಬಹುದಾದ ನಂಬರ್, 2023ರ ನವೆಂಬರ್ 30ರಿಂದ ಶುರುವಾಗಿದೆ. ಇದನ್ನು ಹೇಳುವಾಗ ಒಬ್ಬರು ತಾಯಿ "ಹೊರಡುವ ಹೊತ್ತಿಗೆ ಎಂತ ಅಪಶಕುನ ನಿಮ್ಮದು" ಅಂದರು. ಅಂದುಕೊಳ್ಳಲಿ. ಹುಡುಗ ನಂಬರ್ ಸೇವ್ ಮಾಡಿದ, ನಾನು ನೋಡಿದೆ.

ನೋವಿನ ಮಾತ್ರೆ ಮಾತ್ರ ಎರಡು ಸ್ಟ್ರಿಪ್‌ಗಿಂತ ಜಾಸ್ತಿ ಕೊಡುವುದಿಲ್ಲ. ವ್ಯಾಪಾರ ಹೋಗುತ್ತದೆ, ಹೋಗಲಿ.

ಅಕ್ಕನ ಮಗ ಆ ವಾರವೇ ಹಲ್ಲು ತೆಗೆಸಿದ. ಅಮ್ಮನಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಅಂದಿದ್ದೆ. ಎರಡು ದಿನ ತಳ್ಳಿ, ಆಮೇಲೆ ಹೇಳಿದ. ಅಕ್ಕ ಮೊದಲು ಅವನಿಗೆ ಬೈದಳು, ಮತ್ತೆ ನನಗೆ ಫೋನ್ ಮಾಡಿ ಬೈದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಎಡದ್ದಾ, ಬಲದ್ದಾ?"