ಚಾರ್ಜ್‌ಗೆ ನಿಂತ ಕಾರಿಗೆ ಪಾರ್ಕಿಂಗ್ ಶುಲ್ಕ ಬಿಡಬೇಕೇ? (ಪರ–ವಿರೋಧ)

ಪೇಟೆಯ ಪೇ ಪಾರ್ಕಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡಿದರೆ ಕರೆಂಟಿಗೆ ಒಂದು ಬಿಲ್, ಜಾಗಕ್ಕೆ ಇನ್ನೊಂದು ಚೀಟಿ. ಚಾರ್ಜ್ ಆಗುವಷ್ಟು ಹೊತ್ತು ಜಾಗದ ದುಡ್ಡು ಬಿಡಬೇಕೇ? ಚಿಕ್ಕಮಗಳೂರಿನ ಇಬ್ಬರಿಗೆ ಒಂದೊಂದು ಬದಿ ಕೊಟ್ಟು ಬರೆಸಿದ್ದೇವೆ. ಮೊದಲನೆಯವರು ಕಾಲೇಜು ಉಪನ್ಯಾಸಕಿ. ಎರಡನೆಯವರು ಐ.ಜಿ. ರಸ್ತೆ ಕಡೆ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವರು.

ಪರ: ಚಾರ್ಜರ್ ನಿಧಾನ ಆದಷ್ಟೂ ಗಲ್ಲಾ ತುಂಬುತ್ತೆ

ನಮ್ಮದು ಬಸವನಹಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕಾರು ನಿಲ್ಲುವುದು ಬೀದಿಯಲ್ಲಿ. ಕಾರು ತಂದ ಹೊಸತರಲ್ಲಿ, ಮೇಲಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡಿಕೊಳ್ಳಲಾ ಅಂತ ಮನೆ ಮಾಲೀಕರನ್ನು ಕೇಳಿದೆ. "ಬೇಡಮ್ಮ, ಮಳೇಲಿ ಯಾವುದಾದರೂ ಮಗು ಮುಟ್ಟಿಬಿಟ್ಟರೆ?" ಅಂದರು. ಅವರು ಹೇಳಿದ್ದು ಸರಿಯೇ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಸ್ವಂತ ಮನೆ, ಸ್ವಂತ ಗೇಟು, ಗೇಟಿನ ಒಳಗೆ ಒಂದು 15 ಆಂಪಿಯರ್ ಪ್ಲಗ್ ಇರುವವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ರಾತ್ರಿ ಚುಚ್ಚಿ ಮಲಗುತ್ತಾರೆ, ಬೆಳಿಗ್ಗೆ ಫುಲ್. ನಮ್ಮಂಥ ಬಾಡಿಗೆದಾರರಿಗೆ ಪೇಟೆಯ ಪಾರ್ಕಿಂಗೇ ಗತಿ. ಹಾಗಾಗಿ ಅಲ್ಲಿ ತಗೊಳ್ಳುವ ಶುಲ್ಕ ಬೀಳುವುದು ಯಾರ ಮೇಲೆ ಅಂತ ಮೊದಲು ನೋಡಬೇಕು. ಮನೆಯಲ್ಲಿ ಜಾಗ ಇಲ್ಲದವರ ಮೇಲೆ.

ಕಳೆದ ಆಗಸ್ಟ್‌ನ ಒಂದು ಶುಕ್ರವಾರದ ವಿಷಯ ಹೇಳುತ್ತೇನೆ. ಮಾರನೇ ದಿನ ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಮೇಲೆ ಹೋದರೆ ಸುಮಾರು 150 ಕಿಲೋಮೀಟರ್. ನನ್ನದು 35 ಯೂನಿಟ್ ಬ್ಯಾಟರಿಯ ಸಣ್ಣ ಕಾರು, ಅದರಲ್ಲಿ ಉಳಿದಿದ್ದದ್ದು ಶೇ 24. ಕಾಲೇಜಿಗೆ ರಜೆ ಹಾಕಿ, ಬೆಳಿಗ್ಗೆ ಒಂಬತ್ತೂವರೆಗೆ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯ ಪಾರ್ಕಿಂಗ್‌ಗೆ ಹೋದೆ. ಅಲ್ಲಿ ಚಾರ್ಜಿಂಗ್ ಜಾಗ ಇರುವುದು ಎರಡು. ಒಂದರಲ್ಲಿ ಡೀಸೆಲ್ ಕಾರು ನಿಂತಿತ್ತು. "ಅಣ್ಣ, ಇದು ಚಾರ್ಜಿಂಗ್ ಜಾಗ ಅಲ್ವಾ?" ಅಂತ ಕೇಳಿದೆ. "ಅವರೂ ಚೀಟಿ ತಗೊಂಡಿದ್ದಾರೆ ಮೇಡಂ, ನೀವೂ ತಗೋತೀರಿ" ಅಂದರು ಕಾವಲಿನವರು. ಪುಣ್ಯಕ್ಕೆ ಇನ್ನೊಂದು ಖಾಲಿ ಇತ್ತು.

ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಕರೆಂಟ್ ಹೋಯಿತು. ನಮ್ಮ ಕಡೆ ಆಗಸ್ಟ್ ಮಳೆಗೆ ಲೈನ್ ಮೇಲೆ ಮರ ಬೀಳುವುದು, ಕರೆಂಟ್ ಹೋಗುವುದು ಯಾರಿಗೂ ಹೊಸದಲ್ಲ. ಜನರೇಟರ್ ಶುರುವಾಯಿತು, ನೆಲಮಾಳಿಗೆಯ ಟ್ಯೂಬ್‌ಲೈಟ್ ಹತ್ತಿತು, ಚಾರ್ಜರಿನ ಹಸಿರು ದೀಪ ಮಾತ್ರ ಹತ್ತಲಿಲ್ಲ. ಕಾರಿನ ಪರದೆಯಲ್ಲಿ 48 ಅಂತ ನಿಂತಿತ್ತು. ಅರ್ಧ ಗಂಟೆಗೊಮ್ಮೆ ಕೆಳಗಿಳಿದು ನೋಡಿದೆ. 48. ಮತ್ತೆ ನೋಡಿದೆ. 48. ರ‍್ಯಾಂಪ್ ಮೇಲಿಂದ ಮಳೆನೀರು ಸಣ್ಣಗೆ ಹರಿದು ಬಂದು ಮುಂದಿನ ಚಕ್ರದ ಹತ್ತಿರ ಹೊಂಡ ಆಗುತ್ತಿತ್ತು. ಕರೆಂಟ್ ಬಂದಾಗ ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ರಾತ್ರಿ ಏಳಕ್ಕೆ ಬಾಗಿಲು ಹಾಕುತ್ತೇವೆ ಅಂದಾಗ ಶೇ 73ಕ್ಕೆ ಪ್ಲಗ್ ಕಿತ್ತೆ.

ಲೆಕ್ಕ ಇಷ್ಟು. ಕರೆಂಟು 19 ಯೂನಿಟ್, ಯೂನಿಟ್‌ಗೆ 12 ರೂಪಾಯಿಯಂತೆ 228. ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 269. ಇದಕ್ಕೆ ನನ್ನ ತಕರಾರಿಲ್ಲ. ಪಾರ್ಕಿಂಗ್ ಗಂಟೆಗೆ 20. ಒಂಬತ್ತೂವರೆ ಗಂಟೆಯನ್ನು ಹತ್ತು ಅಂತ ಹಿಡಿದು 200. ಕರೆಂಟ್ ಇಲ್ಲದ ಮೂರು ಗಂಟೆಯನ್ನಾದರೂ ಬಿಡಿ ಅಂದೆ. "ಕರೆಂಟ್ ಹೋದರೆ ನಾನೇನ್ ಮಾಡ್ಲಿ ಮೇಡಂ, ಚೀಟಿ ಟೈಮ್ ಓಡ್ತಾ ಇರುತ್ತೆ" ಅಂದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರು ಸಂಬಳಕ್ಕೆ ನಿಂತವರು. ನಿಯಮ ಹಾಗಿದೆ, ಅದೇ ತಪ್ಪು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ಚಾರ್ಜರ್ ಗಂಟೆಗೆ ಮೂರು ಯೂನಿಟ್ ಕೊಡುವಂಥದ್ದು. 7.2 ಕಿಲೋವಾಟ್‌ನದು, ಅಂದರೆ ಗಂಟೆಗೆ ಏಳು ಯೂನಿಟ್ ಕೊಡುವಂಥದ್ದು ಹಾಕಿದ್ದರೆ ನನ್ನ ಕೆಲಸ ಮೂರು ಗಂಟೆಯೊಳಗೆ ಮುಗಿಯುತ್ತಿತ್ತು. ಡಿ.ಸಿ. ಫಾಸ್ಟ್ ಚಾರ್ಜರ್ ಆದರೆ ಸುಮಾರು ಒಂದು ಗಂಟೆ. ಆಗ ಅವರಿಗೆ ಪಾರ್ಕಿಂಗ್‌ನಿಂದ ಸಿಗುವುದು 200 ಅಲ್ಲ, 60 ಅಥವಾ 20. ಹೀಗಿರುವಾಗ ಯಾವ ಮಾಲೀಕ ದುಡ್ಡು ಸುರಿದು ಒಳ್ಳೆಯ ಚಾರ್ಜರ್ ಹಾಕುತ್ತಾನೆ? ಅಗ್ಗದ್ದು ಹಾಕಿದಷ್ಟೂ ಕಾರು ಜಾಸ್ತಿ ಹೊತ್ತು ನಿಲ್ಲುತ್ತೆ. ಜಾಸ್ತಿ ಹೊತ್ತು ನಿಂತಷ್ಟೂ ಚೀಟಿ ಬೆಳೆಯುತ್ತೆ. ಚಾರ್ಜ್ ಆಗುವಾಗ ಪಾರ್ಕಿಂಗ್ ಶುಲ್ಕ ಇಲ್ಲ ಅಂತ ಮಾಡಿ ನೋಡಿ, ಮೂರೇ ತಿಂಗಳಲ್ಲಿ ಚಾರ್ಜರ್ ಬದಲಾಗುತ್ತೆ. ಯಾಕಂದರೆ ಆಗ ಕಾರು ಬೇಗ ಹೊರಡುವುದು ಅವರಿಗೇ ಬೇಕಾಗುತ್ತೆ. ನಮ್ಮನ್ನು ಕಾಯಿಸುವವರಿಗೆ ಲಾಭ ಆಗುವ ಯಾವ ವ್ಯವಸ್ಥೆಯೂ ತಾನಾಗಿ ಸುಧಾರಿಸುವುದಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಇನ್ನೊಂದು ವಿಷಯ. 2018ರ ಏಪ್ರಿಲ್‌ನಲ್ಲಿ ಕೇಂದ್ರದ ಇಂಧನ ಸಚಿವಾಲಯವೇ ಸ್ಪಷ್ಟವಾಗಿ ಹೇಳಿತು: ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟ ಅಲ್ಲ, ಅದೊಂದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಡ. ಸೇವೆ ಅಂದಮೇಲೆ ಕಾರು ನಿಲ್ಲದೆ ಆ ಸೇವೆ ಕೊಡುವುದು ಹೇಗೆ? ಹೋಟೆಲಿನಲ್ಲಿ ಇಡ್ಲಿಗೆ ದುಡ್ಡು ಕೊಟ್ಟಮೇಲೆ ಕುರ್ಚಿಗೆ ಬೇರೆ ಕೊಡಿ ಅಂತ ಯಾರಾದರೂ ಕೇಳುತ್ತಾರಾ? ಎಲೆಕ್ಟ್ರಿಕ್ ವಾಹನಕ್ಕೆ ಅಂತ 2017ರಲ್ಲಿ, ದೇಶದಲ್ಲೇ ಮೊದಲು, ನೀತಿ ತಂದ ರಾಜ್ಯ ನಮ್ಮದು. ನೀತಿ ಬೆಂಗಳೂರಿನಲ್ಲಿ ಹುಟ್ಟಿತು, ಸರಿ. ಅದು ಜಿಲ್ಲಾ ಕೇಂದ್ರದ ನೆಲಮಾಳಿಗೆಗೂ ಇಳಿಯಬೇಕಲ್ವಾ?

ಚಾರ್ಜ್ ಮುಗಿದಮೇಲೂ ಕಾರು ತೆಗೆಯದವರು ಇರುತ್ತಾರೆ ಅಂತ ಹೇಳುತ್ತಾರೆ. ಅಂಥವರು ಎಲ್ಲ ಕಡೆಯೂ ಇದ್ದಾರೆ, ಪೆಟ್ರೋಲ್ ಕಾರಿನವರಲ್ಲೂ ಇದ್ದಾರೆ. ನಿಜವಾಗಿ ನನಗೆ ಕೇಳಿಬರುವ ವಿರೋಧ ಅದಲ್ಲ. "ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡವರಿಗೆ ಇಪ್ಪತ್ತು ರೂಪಾಯಿ ಭಾರವಾ?" ಅನ್ನುವುದೇ ಆ ವಿರೋಧ. ಸುಮ್ನೆ ಹೊಟ್ಟೆಕಿಚ್ಚಿನ ಮಾತು ಅದು. ನನ್ನ ಕಾರಿನ ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ. ಮತ್ತೆ, ಇಪ್ಪತ್ತು ರೂಪಾಯಿ ಅಲ್ಲ ಅದು. ತಿಂಗಳಿಗೆ ಆರು ಸಲ ಚಾರ್ಜ್ ಮಾಡಿದರೆ ಸಾವಿರದ ಇನ್ನೂರು.

ಮಾರನೇ ದಿನ ಶೇ 73ಕ್ಕೇ ಹೊರಟೆವು. ಚಾರ್ಮಾಡಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ವಲ್ಪ ಸ್ವಲ್ಪ ಚಾರ್ಜ್ ವಾಪಸ್ ಬರುತ್ತೆ, ಅದೇ ಕೈ ಹಿಡಿಯಿತು. ಎ.ಸಿ. ಹಾಕಲಿಲ್ಲ. ಗಾಜೆಲ್ಲ ಮಂಜು ಹಿಡಿದು, ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಒರೆಸುತ್ತಾ ಬಂದರು. ಆಪರೇಷನ್ ಆಗಬೇಕಾದ ಕಣ್ಣಿಟ್ಟುಕೊಂಡು.

ವಿರೋಧ: ಪೇಟೆಯಲ್ಲಿ ಬರ ಇರುವುದು ಜಾಗಕ್ಕೆ

ನನಗೆ ವಿರೋಧದ ಬದಿ ಬರೆಯಲು ಹೇಳಿದ್ದಾರೆ. ಮೊದಲೇ ಒಂದು ಮಾತು: ಎಲೆಕ್ಟ್ರಿಕ್ ಗಾಡಿಗೆ ನಾನು ವಿರೋಧಿ ಅಲ್ಲ. ನನ್ನ ಮಗಳು ಎರಡು ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರಿನಲ್ಲೇ ಓಡಾಡುತ್ತಾಳೆ. ಹೊಗೆ ಇಲ್ಲ, ಸದ್ದಿಲ್ಲ, ಒಳ್ಳೆಯದೇ. ಪ್ರಶ್ನೆ ಪಾರ್ಕಿಂಗ್ ಶುಲ್ಕದ್ದು ಮಾತ್ರ.

ಪಾರ್ಕಿಂಗ್ ಶುಲ್ಕ ಅಂದರೆ ಜಾಗದ ಬಾಡಿಗೆ. ಕಾರಿನ ಹೊಟ್ಟೆಗೆ ಏನು ಹೋಗುತ್ತಿದೆ ಅನ್ನುವುದು ಜಾಗಕ್ಕೆ ಸಂಬಂಧ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಸರ್ಕಾರ ಬೇಕಾದಷ್ಟು ಅನುಕೂಲ ಮಾಡಿಕೊಟ್ಟಿದೆ. 2019ರ ಆಗಸ್ಟ್‌ನಿಂದ ಅದಕ್ಕೆ ಜಿಎಸ್‌ಟಿ ಶೇ 5 ಮಾತ್ರ. ಪೆಟ್ರೋಲ್ ಕಾರಿಗೆ ಅದರ ಮೂರು ಪಟ್ಟಿಗೂ ಜಾಸ್ತಿ. ಪಾರ್ಕಿಂಗ್ ದುಡ್ಡು ಸೇರಿಸಿದರೂ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಕಡಿಮೆಗೇ ಬೀಳುತ್ತೆ. ಚಾರ್ಜರ್ ನಿಧಾನ ಅನ್ನುವುದು ಬೇರೆ ವಿಷಯ, ಅದನ್ನು ಚಾರ್ಜರ್ ಹಾಕಿದವರನ್ನು ಕೇಳಬೇಕು.

2019ರಲ್ಲೇ ಕೇಂದ್ರ ಸರ್ಕಾರ ಮಾದರಿ ಕಟ್ಟಡ ಉಪನಿಯಮ ತಿದ್ದಿ, ಪಾರ್ಕಿಂಗ್ ಜಾಗದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಅಂದಿತು. ನಲವತ್ತು ಕಾರಿನ ನೆಲಮಾಳಿಗೆಯಲ್ಲಿ ಅದು ಎಂಟು ಕಾರಿನ ಜಾಗ. ಆ ಎಂಟನ್ನೂ ಪುಕ್ಕಟೆ ಬಿಟ್ಟರೆ ಅದರ ಬಾಡಿಗೆ ಉಳಿದ ಮೂವತ್ತೆರಡು ಕಾರಿನವರ ತಲೆ ಮೇಲೆ ಬರುತ್ತೆ. ಅವರಲ್ಲಿ ಹಳೇ ಮಾರುತಿ ಇಟ್ಟುಕೊಂಡವರೂ ಇದ್ದಾರೆ.

ಇದೆಲ್ಲ ಲೆಕ್ಕದ ಮಾತಾಯಿತು. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ನಮ್ಮ ಅಂಗಡಿ ಹತ್ತಿರದ ಒಂದು ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಿದ ಹೊಸತರಲ್ಲಿ, ಚಾರ್ಜ್‌ಗೆ ನಿಲ್ಲಿಸಿದವರಿಗೆ ಪಾರ್ಕಿಂಗ್ ಪುಕ್ಕಟೆ ಅಂತ ಬೋರ್ಡ್ ಇತ್ತು. ಎಲ್ಲರಿಗೂ ಖುಷಿ, ನನಗೂ ಖುಷಿ. ಆದರೆ ನಮ್ಮೂರಿನ ಶನಿವಾರ, ಭಾನುವಾರ ನಿಮಗೆ ಗೊತ್ತಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಹೊರಗಿನ ಕಾರುಗಳು ಸಾಲುಸಾಲಾಗಿ ಬರುತ್ತವೆ. ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಷಟರ್ ಎತ್ತುವ ಹೊತ್ತಿಗೆ ಬೆಂಗಳೂರಿನ ಒಂದು ಸಂಸಾರ ಅಲ್ಲಿ ಕಾರು ನಿಲ್ಲಿಸಿ, ಪ್ಲಗ್ ಚುಚ್ಚಿ, ಬಾಡಿಗೆ ಜೀಪ್ ಹತ್ತಿ ಗಿರಿಗೆ ಹೋಯಿತು. ಮಕ್ಕಳು ಟೋಪಿ ಹಾಕಿಕೊಂಡು ಕೈ ಬೀಸುತ್ತಾ ಹೋದರು. ಒಳ್ಳೆಯ ಜನವೇ. ಹೋಗುವಾಗ ನನ್ನ ಹತ್ತಿರ ವಾಂತಿ ಮಾತ್ರೆ ತಗೊಂಡು ಹೋಗಿದ್ದರು.

ಹನ್ನೆರಡು ಗಂಟೆಗೆ ಕಾರು ಫುಲ್ ಆಗಿ ಚಾರ್ಜಿಂಗ್ ನಿಂತಿತ್ತು ಅಂತ ಆಮೇಲೆ ಪಾರ್ಕಿಂಗ್ ಹುಡುಗ ಹೇಳಿದ. ಕಾರು ಮಾತ್ರ ಅಲ್ಲಿಂದ ಅಲ್ಲಾಡಲಿಲ್ಲ. ಅವತ್ತು ಅಂಥ ಕಾರು ಅದೊಂದೇ ಅಲ್ಲ, ನಾಲ್ಕಿದ್ದವು.

ಒಂದು ಗಂಟೆ ಸುಮಾರಿಗೆ ಆಲ್ದೂರು ಕಡೆಯ ಒಬ್ಬ ಅಜ್ಜ ಬಂದರು. ನಮ್ಮ ಹಳೇ ಗಿರಾಕಿ, ತಿಂಗಳಿಗೊಮ್ಮೆ ಇನ್ಸುಲಿನ್‌ಗೆ ಬರುತ್ತಾರೆ. ಮಗ ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ಒಂದು ಕಾಲಿನ ಬೆರಳು ತೆಗೆದಿರುವುದರಿಂದ ಅವರಿಗೆ ದೂರ ನಡೆಯಲು ಆಗುವುದಿಲ್ಲ. ಪಾರ್ಕಿಂಗ್ ಬಾಗಿಲಲ್ಲಿ "ಫುಲ್" ಅಂತ ಹಗ್ಗ ಕಟ್ಟಿತ್ತು. ಮಗ ಎರಡು ಸುತ್ತು ಬಂದ. ಮೂರನೇ ಸುತ್ತಿಗೆ ರಸ್ತೆಯಲ್ಲೇ ನಿಲ್ಲಿಸಿ ಫೋನ್ ಮಾಡಿದ: "ಅಣ್ಣ, ಇಲ್ಲೇ ಇದ್ದೀವಿ, ಪೊಲೀಸ್ ವಿಷಲ್ ಹಾಕ್ತಾ ಇದ್ದಾರೆ." ನಾನು ಇನ್ಸುಲಿನ್ ಡಬ್ಬಿಯನ್ನು ಐಸ್ ಪ್ಯಾಕ್ ಜೊತೆ ಕವರಿಗೆ ಹಾಕಿ, ಗಲ್ಲಾ ಬಿಟ್ಟು, ಅಂಗಡಿ ತುಂಬ ಜನ ಇರುವಾಗ ರಸ್ತೆಗೆ ಓಡಿದೆ. ಅಜ್ಜ ಕಾರಿನ ಕಿಟಕಿಯಿಂದ ಎರಡು ಐನೂರರ ನೋಟು ಚಾಚಿದರು. ಚಿಲ್ಲರೆ ಕೊಡಲು ಹೊತ್ತಿರಲಿಲ್ಲ, ಕಾರು ಮುಂದೆ ಹೋಯಿತು. ಪ್ರತಿ ತಿಂಗಳು ಅವರು ಅಂಗಡಿಯಲ್ಲಿ ಕೂತು ಶುಗರ್ ಎಷ್ಟು, ಕಾಲು ಹೇಗಿದೆ ಅಂತ ಹೇಳುತ್ತಿದ್ದರು, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಅವತ್ತು ಕಾಲಿನ ಗಾಯ ತೋರಿಸಬೇಕು ಅಂತಲೇ ಬಂದಿದ್ದರಂತೆ. ಮಗ ರಾತ್ರಿ ಫೋನಿನಲ್ಲಿ ಹೇಳಿದ.

ಬೆಂಗಳೂರಿನ ಆ ಸಂಸಾರ ಸಂಜೆ ಐದಕ್ಕೆ ವಾಪಸ್ ಬಂತು.

ನಾಲ್ಕು ತಿಂಗಳು ಆದಮೇಲೆ ಆ ಪುಕ್ಕಟೆ ಬೋರ್ಡ್ ತೆಗೆದರು. ಈಗ ಚಾರ್ಜ್ ಮಾಡುವವರಿಗೂ ಗಂಟೆ ಲೆಕ್ಕ. ಶನಿವಾರ ಗಿರಿಗೆ ಹೋಗುವವರು ಈಗ ಅಲ್ಲಿ ಕಾರು ಬಿಟ್ಟು ಹೋಗುವುದು ತುಂಬಾ ಕಡಿಮೆ. ಚಾರ್ಜ್‌ಗೆ ಬಂದವರು ಫೋನ್ ನೋಡುತ್ತಾ ಇರುತ್ತಾರೆ, ಆದ ಕೂಡಲೇ ಬಂದು ತೆಗೆಯುತ್ತಾರೆ.

ಮೊದಲ ಎರಡು ಗಂಟೆ ಬಿಡಿ, ಆಮೇಲೆ ತಗೊಳ್ಳಿ ಅಂದರೆ ನಾನು ಬೇಡ ಅನ್ನುವುದಿಲ್ಲ. ಕರೆಂಟ್ ಹೋದಾಗ ದುಡ್ಡು ತಗೊಳ್ಳುವುದೂ ನ್ಯಾಯ ಅಲ್ಲ, ಒಪ್ಪುತ್ತೇನೆ. ಆದರೆ ನನ್ನನ್ನು ಕೇಳಿದ್ದು ಚಾರ್ಜ್ ಆಗುವಷ್ಟು ಹೊತ್ತೂ ಬಿಡಬೇಕಾ ಅಂತ. ಬಿಡಬಾರದು. ಆ ಅಜ್ಜ ಹೋದ ತಿಂಗಳು ಬಂದಾಗ ಮಗ ಒಳಗೇ ನಿಲ್ಲಿಸಿ, ಇಪ್ಪತ್ತು ರೂಪಾಯಿಯ ಚೀಟಿ ಹಿಡಿದುಕೊಂಡು, ಅವರನ್ನು ಕೈ ಹಿಡಿದು ನಡೆಸಿಕೊಂಡು ಅಂಗಡಿಗೆ ಬಂದ.