ಏಳು ಸುತ್ತಿನ ಕೋಟೆ ನಾಲ್ಕು ಸುತ್ತಾದ ಬಗೆ

ಹಳೆಯ ಸಿನಿಮಾ ಉಳಿಸಬೇಕು ಎಂಬುದರಲ್ಲಿ ಚಿತ್ರದುರ್ಗದಲ್ಲಿ ಎರಡು ಮಾತಿಲ್ಲ. ಪುಟ್ಟಣ್ಣ ಕಣಗಾಲರು ಇದೇ ಬಂಡೆಗಳ ನಡುವೆ ತೆಗೆದ ‘ನಾಗರಹಾವು’ 1972ರಲ್ಲಿ ತೆರೆಗೆ ಬಂದ ಮೇಲಂತೂ ಊರಿಗೆ ಊರೇ ಸಿನಿಮಾದ ವಾರಸುದಾರ. ಹಾರ, ಶಾಲು, ಭಾಷಣ, ಕೊನೆಗೆ ಹಳೆಯ ಚಿತ್ರಗಳ ಪೆನ್‌ಡ್ರೈವ್ ಬಿಡುಗಡೆ. ಒಳಗಿರುವುದು ಟಿ.ವಿ.ಯಲ್ಲಿ ಬಂದಾಗ ಹಿಡಿದಿಟ್ಟ ಪ್ರತಿ. ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ, ಕೆಳಗೆ ಓಡುವ ಅಡಿಕೆ ದರ. ಸಂರಕ್ಷಣೆ ಮುಗಿಯಿತು, ಊಟಕ್ಕೆ ಏಳಿ.

ಇನ್ನು ಉಳಿದದ್ದು ರೀಲು ಡಬ್ಬಿ. ಅವನ್ನು ಉಪ್ಪಿನಕಾಯಿ ಹಾಕಲು ಒಂದು ಕ್ರಮವಿದೆ. ತಗಡಿನ ಸೂರಿನ ಗೋಡೌನು ಹುಡುಕಿ. ದುರ್ಗದ ಏಪ್ರಿಲ್ ಇರುವಾಗ ಒಲೆಯ ಖರ್ಚಿಲ್ಲ. ಡಬ್ಬಿಯ ಮುಚ್ಚಳ ಗಾಳಿಯಾಡದಂತೆ ಬಿಗಿಯಿರಿ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೆಯ ಫಿಲ್ಮು ಬಿಸಿಗೂ ತೇವಕ್ಕೂ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಹೊರಗೆ ಹೋಗಲಾರದೆ ಪಕ್ಕದ ಸುತ್ತನ್ನು ತಿನ್ನುತ್ತದೆ, ತಿಂದಷ್ಟೂ ಹೊಸದು ಹುಟ್ಟುತ್ತದೆ. ಮುಚ್ಚಳ ತೆಗೆದಾಗ ಗೋಬಿ ಮಂಚೂರಿ ಗಾಡಿಯ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಹದ ಬಂದಿದೆ ಎಂದರ್ಥ. ಬೇರೆ ಕಡೆ ಕೆಲವರು ನೀಲಿ ಪರೀಕ್ಷಾ ಪಟ್ಟಿಯನ್ನು ಡಬ್ಬಿಯೊಳಗಿಟ್ಟು, ಅದು ಹಸಿರಾಗಿ ಹಳದಿಯತ್ತ ತಿರುಗಿದರೆ ರೋಗಿಯನ್ನು ಬೇರೆ ಕೋಣೆಗೆ ಸಾಗಿಸುತ್ತಾರೆ. ನಮ್ಮಲ್ಲಿ ಆ ಪಂಕ್ತಿಭೇದವಿಲ್ಲ. ಹುಳಿ ಹಿಡಿದದ್ದೂ ಹಿಡಿಯದ್ದೂ ಒಂದರ ಮೇಲೊಂದು.

ಮುಂದಿನದು ತಾನಾಗಿ ಆಗುತ್ತದೆ. ಫಿಲ್ಮು ನೂರಕ್ಕೆ ಒಂದು ಭಾಗ ಕುಗ್ಗಿದರೂ ಸಾಕು, ಪ್ರೊಜೆಕ್ಟರಿನ ಹಲ್ಲುಚಕ್ರಕ್ಕೂ ಫಿಲ್ಮಿನ ತೂತಿಗೂ ಹೊಂದಾಣಿಕೆ ತಪ್ಪುತ್ತದೆ. ಒಂದು ಫ್ರೇಮಿಗೆ ಒಂದು ಪಕ್ಕದಲ್ಲಿ ನಾಲ್ಕು ತೂತು, ಸೆಕೆಂಡಿಗೆ 24 ಫ್ರೇಮು: ಸೆಕೆಂಡಿಗೆ 96 ಸಲ ಹರಿಯುವ ಅವಕಾಶ. ಈಸ್ಟ್‌ಮನ್ ಕಲರಿನ ಹಳೆಯ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣವೇ ಮೊದಲು ಜಾರುವುದರಿಂದ ಆಕಾಶ, ಬಂಡೆ, ನಾಯಕಿಯ ಸೀರೆ ಎಲ್ಲ ಒಂದೇ ಗುಲಾಬಿ. ಬಣ್ಣ ನಿಲ್ಲಬೇಕಾದರೆ 2 ಡಿಗ್ರಿ ಆಸುಪಾಸಿನ ತಂಪು, ಶೇ. 30ರಷ್ಟು ತೇವಾಂಶ ಬೇಕು. ನಮ್ಮಲ್ಲಿ ಆ ಯೋಗವಿರುವುದು ಐಸ್‌ಕ್ಯಾಂಡಿಗೆ, ಅದಕ್ಕೂ ಕರೆಂಟಿದ್ದರೆ.

‘ಸ್ಕ್ಯಾನ್ ಮಾಡಿಸಿ ರೀಲು ಗುಜರಿಗೆ ಹಾಕಿ’ ಎನ್ನುವ ಬುದ್ಧಿವಂತರು ಸ್ವಲ್ಪ ಲೆಕ್ಕ ಕೇಳಬೇಕು. ಸರಿಯಾದ 4ಕೆ ಸ್ಕ್ಯಾನಿನಲ್ಲಿ ಒಂದು ಫ್ರೇಮೇ ಸುಮಾರು 50 ಎಂಬಿ. ಎರಡೂವರೆ ಗಂಟೆಯ ಚಿತ್ರಕ್ಕೆ 2,16,000 ಫ್ರೇಮು, ಹತ್ತಿರಹತ್ತಿರ 11 ಟೆರಾಬೈಟ್. ಅಷ್ಟನ್ನು 32 ಜಿಬಿ ಪೆನ್‌ಡ್ರೈವಿಗೆ ತೂರಿಸುವ ಹಠ. ಕಿಂಡಿಯಲ್ಲಿ ತೂರಲು ಹೋದವರ ಗತಿ ಏನಾಯಿತೆಂದು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ ‘ಹೊಸ ತಲೆಮಾರಿಗೆ ಅಗಲ ಬೇಕು’ ಎಂಬ ವಾದ. ಎತ್ತರದ 1.37 ಪಟ್ಟು ಅಗಲವಿರುವ ಹಳೆಯ ಚೌಕಟ್ಟನ್ನು 2.35 ಪಟ್ಟಿಗೆ ಕತ್ತರಿಸಿದರೆ ಎತ್ತರದಲ್ಲಿ ನೂರಕ್ಕೆ 42 ಭಾಗ ಹೋಗುತ್ತದೆ. ಏಳು ಸುತ್ತಿನ ಕೋಟೆ ನಾಲ್ಕು ಸುತ್ತಾಯಿತು. ಹೈದರಾಲಿಗೂ ಇಷ್ಟು ಸಲೀಸಾಗಿ ಆಗಿರಲಿಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ, ಅದೊಂದೇ ಈ ಕತ್ತರಿಯಿಂದ ತಪ್ಪಿಸಿಕೊಂಡಿದೆ.

ಕೋಟೆಯ ಮೇಲಿನ ಪ್ರವಾಸಿಗಳದ್ದು ಇದೇ ಕಸುಬಿನ ಗೃಹೋದ್ಯಮ ಶಾಖೆ. ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ, ಅದೇ ಬೆರಳಲ್ಲಿ ಫೋನು. ಲೆನ್ಸಿನ ಮೇಲೆ ಬೆಣ್ಣೆ ಸವರಿರುವುದರಿಂದ ಬತೇರಿಯ ಸುತ್ತ ಮಂಜು ಕವಿದಿರುತ್ತದೆ, ಮನೆಗೆ ಹೋಗಿ ‘ಎಂಥಾ ವೆದರ್’ ಎನ್ನುತ್ತಾರೆ. ಪಂಚೆಯ ತುದಿಯಲ್ಲಿ ಒಮ್ಮೆ ಒರೆಸಿದ್ದರೆ ವೆದರ್ ತಿಳಿಯಾಗುತ್ತಿತ್ತು. ಬರುವುದು ನಡುಮಧ್ಯಾಹ್ನಕ್ಕೆ, ಸೂರ್ಯ ನೆತ್ತಿಯ ಮೇಲೆ, ಕಣ್ಣಿನ ಗುಳಿಯಲ್ಲಿ ಕತ್ತಲೆ, ಎಲ್ಲರದ್ದೂ ಮೂರು ದಿನ ನಿದ್ದೆಗೆಟ್ಟ ಮುಖ.

ಓಬವ್ವನ ಕಿಂಡಿಯ ಮುಂದೆ ಸಾಲು.

‘ಅಕ್ಕಾ, ಒನಕೆ ಎತ್ರಿ. ಇನ್ನೂ ಮೇಲೆ!’

ಒನಕೆ ಎಲ್ಲಿಂದ ಬರಬೇಕು? ಅದು ಸೆಲ್ಫಿ ಕೋಲು. ಹಿಂದೆ ಬೆಳ್ಳನೆಯ ಬೆಳಕು, ಮುಂದೆ ಬಂಡೆಯ ನೆರಳು. ಫೋನು ಬೆಳಕನ್ನು ನಂಬಿ ಅಕ್ಕನನ್ನು ಇದ್ದಿಲು ಮಾಡುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಫೋಕಸ್ ಕೂತ ಮೇಲೆ ಬೆಳಕಿನ ಗುರುತನ್ನು ಮೇಲಕ್ಕೆ ಸರಿಸಿದರೆ ಅಕ್ಕ ಕಾಣುತ್ತಾಳೆ. ಇಲ್ಲವೇ ತೆಗೆಯುವವರೂ ನಿಲ್ಲುವವರೂ ಜಾಗ ಬದಲಿಸಿಕೊಳ್ಳಬೇಕು. ಆದರೆ ಹಿಂದಿನ ಸಾಲು ಬಿಡಬೇಕಲ್ಲ. ಎಲ್ಲರನ್ನೂ ಹಿಡಿಸಲು ಫೋನಿನ ಅಗಲ ಲೆನ್ಸಾದ 0.5ಕ್ಕೆ ಹಾಕಿದಾಗ ಅಂಚಿನಲ್ಲಿ ನಿಂತ ಭಾವನ ತಲೆ ಸೋರೆಕಾಯಿಯಾಗುತ್ತದೆ. ಮನೆಯ ಅಳಿಯನನ್ನು ನಡುವೆ ನಿಲ್ಲಿಸಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಂಜೆಗೆ ಫೋನಿನಲ್ಲಿ ಜಾಗ ಖಾಲಿಯಿಲ್ಲ. 4,000 ಚುಕ್ಕೆ ಅಗಲದ ಮೂಲಗಳನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಸುರಿದು ಫೋನಿನಿಂದ ಅಳಿಸುತ್ತಾರೆ. ಅಲ್ಲಿ ಅವು ಸುಮಾರು 1,600ಕ್ಕೆ ಇಳಿಯುತ್ತವೆ, ತೆಗೆದ ದಿನ-ಜಾಗದ ವಿವರವೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ, ಆದರೆ ಅದಕ್ಕೆ ಎರಡು ಸಲ ಹೆಚ್ಚು ಒತ್ತಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಆರು ತಿಂಗಳಿಗೆ ಸ್ಟುಡಿಯೋದಲ್ಲಿ 12x18 ಇಂಚಿನ ಫ್ರೇಮಿನ ಆರ್ಡರು. ಇಂಚಿಗೆ 300 ಚುಕ್ಕೆ ಬೇಕಾದ ಕಡೆ 89 ಇವೆ.

‘ಅಣ್ಣಾ, ಒರಿಜಿನಲ್ ಕೊಡ್ರಿ.’

‘ಇದೇ ಒರಿಜಿನಲ್ ಕಣಪ್ಪಾ. ಗ್ರೂಪಲ್ಲಿ ಬಂದಿದ್ದು.’