ಸತ್ಯಾಂಶ: ಒಬ್ಬ ಡಿಫೆನ್ಸ್‌ಮನ್‌ನಿಂದಲೇ ಸ್ಟಾನ್ಲಿ ಕಪ್ ಬರುತ್ತಾ?

"ನಾರಿಸ್ ಟ್ರೋಫಿ ಪಡೆದ ಡಿಫೆನ್ಸ್‌ಮನ್ ಇರುವ ತಂಡಕ್ಕೇ ಸ್ಟಾನ್ಲಿ ಕಪ್" ಅನ್ನೋ ಐಸ್ ಹಾಕಿ ಫಾರ್ವರ್ಡ್ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ. ಸ್ಟಾನ್ಲಿ ಕಪ್ ಅಂದರೆ ಉತ್ತರ ಅಮೆರಿಕದ NHL ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಕಪ್; ನಾರಿಸ್ ಟ್ರೋಫಿ ಅಂದರೆ ಆ ಲೀಗ್‌ನ ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ (ರಕ್ಷಣಾ ಆಟಗಾರನಿಗೆ) ಸಿಗುವ ಪ್ರಶಸ್ತಿ.

2022ರಲ್ಲಿ ಕೊಲೊರಾಡೊ ತಂಡದ ಕೇಲ್ ಮಕಾರ್ ಎರಡನ್ನೂ ಗೆದ್ದರು, ಹೌದು. ಮರುವರ್ಷ ನೋಡಿ. ಸ್ಯಾನ್ ಹೋಸೆಯ ಎರಿಕ್ ಕಾರ್ಲ್ಸನ್ 101 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿ ನಾರಿಸ್ ಪಡೆದರು. ಡಿಫೆನ್ಸ್‌ಮನ್ ಒಬ್ಬರಿಗೆ ಇದು ತುಂಬಾ ಅಪರೂಪ. ಆದರೂ ಅವರ ತಂಡ ಕಪ್‌ಗಾಗಿ ನಡೆಯುವ ಕೊನೆಯ ಹಂತವಾದ ಪ್ಲೇಆಫ್‌ಗೇ ಬರಲಿಲ್ಲ! ಕಪ್ ಗೆದ್ದ ವೇಗಸ್‌ನಲ್ಲಿ ನಾರಿಸ್ ವಿಜೇತರು ಒಬ್ಬರೂ ಇರಲಿಲ್ಲ.

ನನಗೆ ಜಾಸ್ತಿ ಇಷ್ಟವಾಗೋದು 2017ರ ಪಿಟ್ಸ್‌ಬರ್ಗ್ ತಂಡ. ಮುಖ್ಯ ಡಿಫೆನ್ಸ್‌ಮನ್ ಕ್ರಿಸ್ ಲೆಟಾಂಗ್ ಕುತ್ತಿಗೆಯ ಆಪರೇಷನ್‌ನಿಂದಾಗಿ ಪ್ಲೇಆಫ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಉಳಿದವರು ಅವರ ನಿಮಿಷಗಳನ್ನು ಹಂಚಿಕೊಂಡು ಆಡಿದರು, ಕಪ್ ಬಂತು. ಎಷ್ಟೇ ದೊಡ್ಡ ಡಿಫೆನ್ಸ್‌ಮನ್ ಆದರೂ 60 ನಿಮಿಷದಲ್ಲಿ ಐಸ್ ಮೇಲಿರೋದು ಸುಮಾರು 25 ನಿಮಿಷ, ಅಲ್ವಾ? ಉಳಿದ ಹೊತ್ತು ಬೇರೆಯವರೇ ನೋಡಿಕೊಳ್ಳಬೇಕು.